ಕಹಳೆಗೆ ಕನ್ನಡ ಕಲಿಸಿದವರು

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬುದು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾತು. ಹಂಪಿಯ ವಿಸ್ತಾರವನ್ನೂ ಕನಕಾಚಲಪತಿಯ ಗುಡಿಯ ಶಿಲ್ಪವನ್ನೂ ಒಂದೇ ಉಸಿರಿನಲ್ಲಿ ಹೊಗಳುವ ಈ ಗಾದೆ, ಕಿವಿಯ ವಿಷಯದಲ್ಲಿ ಮಾತ್ರ ಮೌನವಾಗಿದೆ. ಹಾಗೆಂದು ಈ ನೆಲದವರ ಕಿವಿ ಹಸಿದಿದ್ದಿತೆಂದು ತಿಳಿಯಬಾರದು. ಮದುವೆಯ ಮನೆಯ ಸನಾದಿ, ಜಾತ್ರೆಯ ಡೊಳ್ಳು, ಕರಡಿ ಮಜಲಿನ ಗಂಭೀರವಾದ ನಡೆ, ಶ್ರಾವಣದ ಭಜನೆ, ಕಂಪನಿ ನಾಟಕದ ಪೇಟಿ—ಇವೆಲ್ಲವೂ ನಮ್ಮ ಜನರ ಶ್ರವಣವನ್ನು ತಲೆಮಾರುಗಳಿಂದ ಹದಗೊಳಿಸಿವೆ. ಇವುಗಳ ಪಕ್ಕದಲ್ಲಿ ಹಿತ್ತಾಳೆಯ ಕಹಳೆ, ಕ್ಲಾರಿಯೊನೆಟ್ಟು, ದೊಡ್ಡ ಡ್ರಮ್ಮುಗಳ ಬ್ಯಾಂಡು ಬಂದು ನಿಂತಿತು. ಬಂದದ್ದು ಪರದೇಶದಿಂದಲಾದರೂ, ಮದುಮಗನ ಮೆರವಣಿಗೆಯ ಮುಂದೆ ಅದನ್ನು ಪರದೇಶಿಯೆಂದು ಇಂದು ಯಾರೂ ಕರೆಯುವುದಿಲ್ಲ.

ಈ ಬ್ಯಾಂಡಿನವರು ಹೆಚ್ಚಾಗಿ ನುಡಿಸುವುದು ಕನ್ನಡ ಚಲಚ್ಚಿತ್ರದ ಹಾಡುಗಳನ್ನು. ಅವುಗಳಲ್ಲಿ ಯಾವುದಾದರೊಂದು ಹಳೆಯ ಹಾಡನ್ನು ಹೆಸರಿಸಿ ಅದು ಯಾರದೆಂದು ನಾನು ತರಗತಿಯಲ್ಲಿ ಕೇಳುವುದುಂಟು. ರಾಜಕುಮಾರರದೆಂದು ಹೆಚ್ಚಿನವರು ಹೇಳುತ್ತಾರೆ. ತುಸು ಬಲ್ಲವರು ಪಿ. ಬಿ. ಶ್ರೀನಿವಾಸರ ಹೆಸರನ್ನು ಹೇಳಿಯಾರು. ಸಾಹಿತ್ಯದಲ್ಲಿ ಆಸಕ್ತಿಯುಳ್ಳ ಒಬ್ಬಿಬ್ಬರು ಚಿ. ಉದಯಶಂಕರರ ಅಥವಾ ಆರ್. ಎನ್. ಜಯಗೋಪಾಲರ ಹೆಸರನ್ನು ಎತ್ತುತ್ತಾರೆ. ತೆರೆಯ ಮೇಲೆ ಕಂಡವನು, ಹಾಡಿದವನು, ಬರೆದವನು—ಈ ಮೂವರಲ್ಲಿ ಲೆಕ್ಕ ಮುಗಿದುಹೋಗುತ್ತದೆ. ಆ ಹಾಡಿಗೆ ಸ್ವರಗಳನ್ನು ಕಟ್ಟಿ, ಹತ್ತಾರು ವಾದ್ಯಗಾರರನ್ನು ಒಂದೆಡೆ ಕೂಡಿಸಿ, ಯಾವ ಕ್ಷಣದಲ್ಲಿ ಯಾರು ನುಡಿಸಬೇಕು, ಯಾರು ಸುಮ್ಮನಿರಬೇಕು ಎಂಬುದನ್ನು ನಿರ್ಣಯಿಸಿದ ನಾಲ್ಕನೆಯವನೊಬ್ಬನಿದ್ದಾನೆಂಬುದು ಯಾರಿಗೂ ಹೊಳೆಯುವುದಿಲ್ಲ. ಕನ್ನಡದಲ್ಲಿ ಆ ನಾಲ್ಕನೆಯವನ ಸ್ಥಾನದಲ್ಲಿ ನಾಲ್ಕು ದಶಕಗಳ ಕಾಲ ದುಡಿದವರು ಜಿ. ಕೆ. ವೆಂಕಟೇಶ್. 1927ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಈ ವಾದ್ಯವೃಂದದ ನಾಯಕನನ್ನು ಕುರಿತು ಸಾಹಿತ್ಯದ ಪುಟದಲ್ಲಿ ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ನನ್ನ ನಂಬಿಕೆ.

ವಾದ್ಯವೃಂದದ ನಾಯಕನೆಂದರೆ ಏನು ಎಂಬುದನ್ನು ತಿಳಿಯಲು ಒಮ್ಮೆ ದೂರ ಹೋಗಿ ಬರುವುದು ಒಳ್ಳೆಯದು. ನಮ್ಮ ಸಂಗೀತದ ಪರಂಪರೆ ಮುಖ್ಯವಾಗಿ ಏಕವ್ಯಕ್ತಿಯದು. ಗಾಯಕನೊಬ್ಬನು ರಾಜ, ಉಳಿದವರು ಪಕ್ಕವಾದ್ಯದವರು. ಹಲವರು ಕೂಡಿ ನುಡಿಸುವ ನಾದದ ಕರ್ತೃತ್ವ ಒಬ್ಬನದಾಗಬಹುದೆಂಬ ಕಲ್ಪನೆ ನಮಗೆ ಈಚಿನದು. ಪಶ್ಚಿಮದಲ್ಲಿ ಅದು ಹಳೆಯದು. ಇಪ್ಪತ್ತನೆಯ ಶತಮಾನದಲ್ಲಂತೂ ನೃತ್ಯಶಾಲೆಗಳ ವಾದ್ಯವೃಂದದ ನಾಯಕರು ದೊರೆಗಳಂತೆ ಮೆರೆದರು. ಅವರಲ್ಲಿ ಕ್ಯೂಬಾದ ದಾಮಸೊ ಪೆರೆಸ್ ಪ್ರಾದೊ ಒಬ್ಬ. 1916ರಲ್ಲಿ ಮತಾನ್ಸಾಸ್ ಎಂಬ ಪಟ್ಟಣದಲ್ಲಿ ಹುಟ್ಟಿದ ಪ್ರಾದೊ, ಹವಾನಾದ ಒಂದು ಪ್ರಸಿದ್ಧ ವೃಂದದಲ್ಲಿ ಪಿಯಾನೊ ನುಡಿಸುತ್ತ, ಇತರ ವಾದ್ಯಗಳಿಗೆ ಸ್ವರಗಳನ್ನು ಹಂಚಿಕೊಡುತ್ತ ಬೆಳೆದ. ಆಫ್ರಿಕದಿಂದ ಗುಲಾಮರಾಗಿ ಬಂದವರ ಡೋಲು, ಸ್ಪೇನಿನಿಂದ ಬಂದ ಹಾಡು ಇವೆರಡೂ ಆ ದ್ವೀಪದಲ್ಲಿ ಆಗಲೇ ಬೆರೆತಿದ್ದುವು. 1938ರಲ್ಲಿ ಲೋಪೆಸ್ ಸೋದರರು ‘ಮಾಂಬೊ’ ಎಂಬ ಹೆಸರಿನದೊಂದು ರಚನೆಯನ್ನು ಮಾಡಿದ್ದರು. ಪ್ರಾದೊ ಆ ಲಯವನ್ನೆತ್ತಿಕೊಂಡು, ಅದಕ್ಕೆ ಅಮೆರಿಕದ ದೊಡ್ಡ ಬ್ಯಾಂಡಿನ ಟ್ರಂಪೆಟ್ಟು, ಸ್ಯಾಕ್ಸೊಫೋನುಗಳ ಪಂಕ್ತಿಯನ್ನು ಜೋಡಿಸಿದ.

ಆ ಜೋಡಣೆಯ ಕ್ರಮ ಸರಳವೂ ಹೌದು, ಚತುರವೂ ಹೌದು. ಕೆಳಗಿನ ಸ್ಥಾಯಿಯಲ್ಲಿ ಸ್ಯಾಕ್ಸೊಫೋನುಗಳು ಒಂದು ಚಿಕ್ಕ ಸ್ವರಪಂಕ್ತಿಯನ್ನು ಮತ್ತೆ ಮತ್ತೆ ಹೇಳುತ್ತಿರುತ್ತವೆ. ಮೇಲಿನ ಸ್ಥಾಯಿಯಿಂದ ಟ್ರಂಪೆಟ್ಟುಗಳು ಅದಕ್ಕೆ ಉತ್ತರ ಕೊಡುತ್ತವೆ. ನಮ್ಮ ಭಜನೆಯ ಮೇಳದಲ್ಲಿ ಮುಂದಾಳು ಹೇಳಿದುದನ್ನು ಉಳಿದವರು ಎತ್ತಿ ಹೇಳುವ ಕ್ರಮವನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಎರಡರ ನಡುವೆ ಬೊಂಗೊ, ಕೊಂಗಾಗಳೆಂಬ ಡೋಲುಗಳು ಲಯವನ್ನು ಹಿಡಿದಿರುತ್ತವೆ. ನಡುನಡುವೆ ನಾಯಕನ ಒಂದು ಹೂಂಕಾರ. 1948ರಲ್ಲಿ ಮೆಕ್ಸಿಕೊಗೆ ಹೋಗಿ ನೆಲಸಿದ ಪ್ರಾದೊ ಅಲ್ಲಿ ಮುದ್ರಿಸಿದ ‘ಮಾಂಬೊ ನಂಬರ್ 5’ ಎಲ್ಲೆಡೆ ಹಬ್ಬಿತು. 1955ರಲ್ಲಿ ಅವನದೊಂದು ಧ್ವನಿಮುದ್ರಿಕೆ ಅಮೆರಿಕದಲ್ಲಿ 10 ವಾರಗಳ ಕಾಲ ಪ್ರಥಮಸ್ಥಾನದಲ್ಲಿದ್ದಿತು. ‘ಮಾಂಬೊದ ದೊರೆ’ ಎಂದು ಜನ ಅವನನ್ನು ಕರೆದರು. ಕ್ಯೂಬಾದ ಶುದ್ಧವಾದಿಗಳು ಮಾತ್ರ ಅವನು ನಾಡಿನ ಸಂಗೀತವನ್ನು ಮಾರುಕಟ್ಟೆಗಾಗಿ ಹಗುರಮಾಡಿದನೆಂದು ಮುಖ ತಿರುಗಿಸಿದರು. 1989ರಲ್ಲಿ ಅವನು ಮೆಕ್ಸಿಕೊ ನಗರದಲ್ಲಿ ತೀರಿಕೊಂಡ. ಹತ್ತು ವರ್ಷಗಳ ತರುವಾಯ, 1999ರಲ್ಲಿ, ಲೂ ಬೇಗಾ ಎಂಬ ಗಾಯಕನು ‘ಮಾಂಬೊ ನಂಬರ್ 5’ನ್ನು ಹೊಸ ಮಾತುಗಳೊಡನೆ ಹಾಡಿದಾಗ, ಪ್ರಾದೊನ ಹೆಸರನ್ನೇ ಕೇಳದ ಹುಡುಗರು ಅದಕ್ಕೆ ಕುಣಿದರು. ಎರವಲು, ಜನಪ್ರಿಯತೆ, ಪಂಡಿತರ ಉಪೇಕ್ಷೆ, ಹೆಸರು ಅಳಿದು ನಾದ ಉಳಿಯುವುದು—ವಾದ್ಯವೃಂದದ ನಾಯಕನ ಬಾಳಿನ ಈ ನಾಲ್ಕು ಘಟ್ಟಗಳನ್ನು ನೆನಪಿನಲ್ಲಿಟ್ಟುಕೊಂಡು ನಮ್ಮವರ ಕಡೆಗೆ ಬರೋಣ.

ಕ್ಯೂಬಾದ ಲಯಗಳು ನಮ್ಮ ದೇಶಕ್ಕೆ ಬಂದುದು ಗ್ರಾಮಫೋನು ತಟ್ಟೆಗಳ ಮೂಲಕ, ಹೋಟೆಲುಗಳ ನೃತ್ಯವೃಂದಗಳ ಮೂಲಕ. ಮುಂಬಯಿಯಲ್ಲಿ ಈ ವೃಂದಗಳ ಬೆನ್ನೆಲುಬಾಗಿದ್ದವರು ಗೋವೆಯ ವಾದ್ಯಗಾರರು. ಇಗರ್ಜಿಯ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿಯನ್ನು ಕಲಿತಿದ್ದ ಅವರು ರಾತ್ರಿ ಹೋಟೆಲಿನಲ್ಲಿ ನುಡಿಸಿ, ಹಗಲು ಚಲಚ್ಚಿತ್ರಗಳಿಗೆ ನುಡಿಸಿದರು. 1951ರ ‘ಅಲ್ಬೇಲಾ’ ಚಿತ್ರದಲ್ಲಿ ಸಿ. ರಾಮಚಂದ್ರರ ಸಂಗೀತಕ್ಕೆ ಚಿಕ್ ಚಾಕಲೇಟ್ ಎಂಬ ಗೋವೆಯ ಟ್ರಂಪೆಟ್ಟುಗಾರನ ನೆರವಿದ್ದಿತು. ದಕ್ಷಿಣದಲ್ಲಿ ಸಿ. ಆರ್. ಸುಬ್ಬರಾಮನ್ನರು 1940ರ ದಶಕದ ಕೊನೆಯ ವರ್ಷಗಳಲ್ಲಿಯೇ ಇಂಥ ಲಯಗಳನ್ನು ಚಿತ್ರಗೀತೆಗೆ ತಂದವರಲ್ಲಿ ಪ್ರಮುಖರು. ಅವರು 1952ರಲ್ಲಿ ಅಕಾಲಮರಣಕ್ಕೆ ಈಡಾದಾಗ, ಅವರ ಬಳಿ ದುಡಿಯುತ್ತಿದ್ದ ವಿಶ್ವನಾಥನ್ ಮತ್ತು ರಾಮಮೂರ್ತಿಯವರು ಜೋಡಿಯಾಗಿ ಮುಂದೆ ಬಂದರು. ಈ ಜೋಡಿಯ ಸಹಾಯಕರಾಗಿದ್ದವರು ಜಿ. ಕೆ. ವೆಂಕಟೇಶ್.

ಆಗ ಕನ್ನಡ ಚಿತ್ರಗಳು ಬಹುಮಟ್ಟಿಗೆ ತಯಾರಾಗುತ್ತಿದ್ದುದು ಮದರಾಸಿನಲ್ಲಿ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು. ಕೈಯಲ್ಲಿ ಹಣ ಕಡಮೆ. ವಾದ್ಯಗಾರರು ತಮಿಳರು, ತೆಲುಗರು, ಮಲೆಯಾಳಿಗಳು, ಆಂಗ್ಲೊ–ಇಂಡಿಯನ್ನರು. ಅಂದಿನ ಧ್ವನಿಮುದ್ರಣವೆಂದರೆ ಇಂದಿನಂತೆ ಒಂದೊಂದು ವಾದ್ಯವನ್ನು ಬೇರೆ ಬೇರೆ ಹಿಡಿದು ಆಮೇಲೆ ಕೂಡಿಸುವ ಕೆಲಸವಾಗಿರಲಿಲ್ಲ. ಗಾಯಕನೂ ವಾದ್ಯಗಾರರೂ ಒಂದೇ ಕೋಣೆಯಲ್ಲಿ ನೆರೆದು ಹಾಡನ್ನು ಮೊದಲಿನಿಂದ ಕಡೆಯವರೆಗೆ ಒಂದೇ ಬೀಸಿಗೆ ಮುಗಿಸಬೇಕಾಗಿತ್ತು. ಕಟ್ಟಕಡೆಯ ಸಾಲಿನಲ್ಲಿ ಪಿಟೀಲೊಂದು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ ಪ್ರಾರಂಭಿಸಬೇಕು. ಗ್ರಾಮಫೋನು ತಟ್ಟೆಯ ಒಂದು ಮಗ್ಗುಲು ಮೂರು ಮಿನಿಟಿಗೆ ಮುಗಿಯುತ್ತಿದ್ದುದರಿಂದ ಹೇಳಬೇಕಾದುದನ್ನು ಅಷ್ಟರೊಳಗೇ ಹೇಳಬೇಕು. ಚುಟುಕದ ಕವಿಗೆ ನಾಲ್ಕು ಸಾಲು ಹೇಗೋ, ಚಿತ್ರಗೀತೆಯ ನಾಯಕನಿಗೆ ಆ ಮೂರು ಮಿನಿಟು ಹಾಗೆ.

ಈ ಇಕ್ಕಟ್ಟಿನಲ್ಲಿ ವೆಂಕಟೇಶರು ಕನ್ನಡಕ್ಕೆ ಬಂದರು. 1950ರ ದಶಕದಲ್ಲಿ ಕಾಲಿಟ್ಟವರು ಕನ್ನಡದವರೇ ಆಗಿ ಉಳಿದರು. 1960ರ ‘ರಣಧೀರ ಕಂಠೀರವ’ಕ್ಕೆ ಸಂಗೀತ ಅವರದು. 1961ರ ‘ಕಣ್ತೆರೆದು ನೋಡು’ ಚಿತ್ರದಲ್ಲಿ ಕನ್ನಡಿಗರೆಲ್ಲರೂ ಒಂದಾಗಬೇಕೆಂದು ಕರೆಕೊಡುವ ಹಾಡಿಗೆ ಸ್ವರ ಕಟ್ಟಿದುದಷ್ಟೇ ಅಲ್ಲದೆ ಅದನ್ನು ಸ್ವತಃ ಅವರೇ ಹಾಡಿದರು. ಏಕೀಕರಣವಾಗಿ ಐದು ವರ್ಷ ಕಳೆದಿದ್ದ ಕಾಲವದು. ನಿಜಾಮನ ಆಳ್ವಿಕೆಯಿಂದ ಹೊರಬಂದು ವಿಶಾಲ ಮೈಸೂರನ್ನು ಸೇರಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗೆಗಳ ಜನಕ್ಕೆ ‘ನಾವೆಲ್ಲ ಒಂದು’ ಎಂಬುದು ಸರಕಾರದ ಕಾಗದದ ಮೇಲೆ ಮಾತ್ರ ಬಂದ ಸುದ್ದಿಯಾಗಿರಬಹುದಾಗಿತ್ತು. ಅದನ್ನು ಬಾಯಲ್ಲಿ ಗುನುಗುವ ಭಾವವಾಗಿ ಮಾಡಿದುದರಲ್ಲಿ ಇಂಥ ಹಾಡುಗಳ ಪಾಲು ಸಣ್ಣದಲ್ಲ. ಇಂದಿಗೂ ನವೆಂಬರ್ ತಿಂಗಳಲ್ಲಿ ಆ ಹಾಡು ಕೇಳಿಬರುತ್ತದೆ. ಅದನ್ನು ಹಾಡಿದ ಕಂಠ ಸಂಗೀತ ನಿರ್ದೇಶಕನದೇ ಎಂಬುದನ್ನು ಬಲ್ಲವರು ಅಪರೂಪ.

ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕನ್ನಡದ ಎಷ್ಟೋ ಕಾದಂಬರಿ, ಕಥೆ, ನಾಟಕಗಳು ತೆರೆಗೆ ಬಂದಾಗ ಅವಕ್ಕೆ ನಾದವನ್ನು ಕೊಟ್ಟವರು ವೆಂಕಟೇಶರು. ಅ.ನ.ಕೃ. ಅವರ ‘ಸಂಧ್ಯಾರಾಗ’ (ಚಿತ್ರ 1966), ಟಿ. ಕೆ. ರಾಮರಾಯರ ‘ಬಂಗಾರದ ಮನುಷ್ಯ’ (1972), ಗೊರೂರರ ‘ಭೂತಯ್ಯನ ಮಗ ಅಯ್ಯು’ (1974), ಪಿ. ಬಿ. ಧುತ್ತರಗಿಯವರ ನಾಟಕ ‘ಸಂಪತ್ತಿಗೆ ಸವಾಲ್’ (1974), ದೇವುಡು ಅವರ ‘ಮಯೂರ’ (1975), ಕೃಷ್ಣಮೂರ್ತಿ ಪುರಾಣಿಕರ ‘ಸನಾದಿ ಅಪ್ಪಣ್ಣ’ (1977), ಭಾರತೀಸುತರ ‘ಹುಲಿಯ ಹಾಲಿನ ಮೇವು’ (1979)—ಇಷ್ಟನ್ನು ಒಟ್ಟಿಗೆ ಬರೆದು ನೋಡಿದರೆ ಒಬ್ಬ ಮನುಷ್ಯನ ಕಿವಿಯೊಳಗೆ ಹಾದುಹೋದ ಕನ್ನಡ ಗದ್ಯದ ಪ್ರಮಾಣ ಎಷ್ಟೆಂಬುದು ತಿಳಿದೀತು. ಗಾಯಕನ ಬಾಳು, ಒಕ್ಕಲಿಗನ ಬಾಳು, ಹಳ್ಳಿಯ ಹಗೆತನ, ಕದಂಬರ ಚರಿತ್ರೆ, ಕೊಡಗಿನ ಕಾಡು: ಪ್ರತಿಯೊಂದಕ್ಕೂ ಬೇರೆ ಬೇರೆ ನಾದ ಬೇಕು. ಲೇಖಕನಿಗೆ ವರ್ಣನೆಯ ಮಾತುಗಳಿವೆ. ವಾದ್ಯವೃಂದದ ನಾಯಕನಿಗೆ ಕೊಳಲು, ಪಿಟೀಲು, ತಬಲಾಗಳೇ ಮಾತು.

ಇವುಗಳಲ್ಲಿ ‘ಸಂಧ್ಯಾರಾಗ’ವನ್ನು ಮೊದಲು ನೋಡಬಹುದು. ಸಂಗೀತಗಾರನ ಬಾಳನ್ನೇ ವಸ್ತುವಾಗುಳ್ಳ ಆ ಕಾದಂಬರಿಯನ್ನು ಓದಿದವರ ಮನಸ್ಸಿನಲ್ಲಿ ಆಗಲೇ ಒಂದು ಸಂಗೀತ ಮೂಡಿರುತ್ತದೆ. ಮನಸ್ಸಿನಲ್ಲಿ ಕೇಳಿದ ಸಂಗೀತಕ್ಕೆ ಸರಿಗಟ್ಟುವಂಥದನ್ನು ಕಿವಿಗೆ ಕೇಳಿಸುವುದು ಸುಲಭವಲ್ಲ. ವೆಂಕಟೇಶರ ಆ ಚಿತ್ರದಲ್ಲಿ ನಮ್ಮ ಗದುಗಿನ ಸೀಮೆಯ ಭೀಮಸೇನ ಜೋಶಿಯವರು, ಬಾಲಮುರಳಿಕೃಷ್ಣರು, ಎಸ್. ಜಾನಕಿಯವರು ಹಾಡಿದರು. ಹಿಂದುಸ್ತಾನಿ, ಕರ್ನಾಟಕ, ಲಘುಸಂಗೀತ ಎಂಬ ಮೂರು ಧಾರೆಗಳು ಒಂದೇ ಚಿತ್ರದೊಳಗೆ ನೆರೆಹೊರೆಯವರಂತೆ ಕೂಡಿ ಬಾಳಿದುವು. ಧಾರವಾಡ–ಗದುಗುಗಳ ಕಡೆಯವರು ಒಂದು ಸಂಗೀತವನ್ನು, ಮೈಸೂರಿನ ಕಡೆಯವರು ಇನ್ನೊಂದನ್ನು ತಮ್ಮದೆನ್ನುವ ನಾಡಿನಲ್ಲಿ ಇದು ಸ್ವರಗಳ ಏಕೀಕರಣವೆಂದರೆ ಅತಿಶಯೋಕ್ತಿಯಾಗದು.

ಎರಡೇ ವರ್ಷಗಳ ತರುವಾಯ, 1968ರಲ್ಲಿ, ಅದೇ ವೆಂಕಟೇಶರು ‘ಜೇಡರ ಬಲೆ’ಗೆ ಸಂಗೀತ ಕೊಟ್ಟರು. ದೊರೈ–ಭಗವಾನ್ ಜೋಡಿಯ ನಿರ್ದೇಶನ, ಇಂಗ್ಲಿಷಿನ ಬಾಂಡ್ ಚಿತ್ರಗಳ ಮಾದರಿಯ ಗೂಢಚಾರನ ಕಥೆ, ಸಿ.ಐ.ಡಿ. 999 ಆಗಿ ರಾಜಕುಮಾರರು. ‘ಗೋವಾದಲ್ಲಿ ಸಿ.ಐ.ಡಿ. 999’ ಅದೇ ವರ್ಷ ಬಂದಿತು. ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ 1969ರಲ್ಲಿ, ‘ಆಪರೇಷನ್ ಡೈಮಂಡ್ ರಾಕೆಟ್’ 1978ರಲ್ಲಿ. ತಂಬೂರಿಯ ಶ್ರುತಿಯಿಂದೆದ್ದ ಕೈ ಇಲ್ಲಿ ನೃತ್ಯಶಾಲೆಯ ಹಿತ್ತಾಳೆಯ ವಾದ್ಯಗಳಿಗೆ, ಗಿಟಾರಿಗೆ, ಬೊಂಗೊಗೆ ಹೋಯಿತು. ಹವಾನಾದ ಲಯ ಮೆಕ್ಸಿಕೊ, ಅಮೆರಿಕ, ಮುಂಬಯಿ, ಮದರಾಸುಗಳನ್ನು ದಾಟಿ ಗಂಗಾವತಿಯ ಚಿತ್ರಮಂದಿರದಲ್ಲಿ ಕನ್ನಡ ಮಾತಿನೊಡನೆ ಕೇಳಿಸುವಂತಾದುದು ಇಂಥ ಚಿತ್ರಗಳಿಂದ. 1978ರ ಚಿತ್ರದಲ್ಲಂತೂ ರಾಜಕುಮಾರರಿಂದ ಇಂಗ್ಲಿಷ್ ಹಾಡೊಂದನ್ನೇ ಹಾಡಿಸಿದರು. ಇಂಗ್ಲಿಷ್ ಬಾರದ ಹಳ್ಳಿಯ ಹುಡುಗರು ಅದನ್ನು ಬಾಯಿಪಾಠ ಮಾಡಿದರು.

ಇದನ್ನು ಕುರಿತು ಆಕ್ಷೇಪಗಳಿಗೆ ಬರವಿಲ್ಲ. ನಾಡಿನ ಸೊಗಡನ್ನು ಬಿಟ್ಟು ಪರದೇಶದ ಕುಣಿತಕ್ಕೆ ತಾಳ ಹಾಕಿದರೆ ಕನ್ನಡತನ ಏನಾಯಿತು ಎಂಬುದು ಆ ಆಕ್ಷೇಪದ ತಿರುಳು. ತಿರುಳೆಂಬ ಮಾತು ಬಂದುದರಿಂದ ಕೊಪ್ಪಳದ ಕಡೆಯವನಾದ ನಾನು ಒಂದು ಹಳೆಯ ಗ್ರಂಥವನ್ನು ನೆನೆಯಲೇಬೇಕಾಗಿದೆ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಯಾವ ಊರುಗಳ ನಡುವೆ ಇದೆಯೆಂದು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಯಲ್ಲಿ ಕೊಪಣವನ್ನೂ, ಎಂದರೆ ಇಂದಿನ ಕೊಪ್ಪಳವನ್ನೂ, ಹೆಸರಿಸುತ್ತದೆ. ನಮ್ಮ ಕಡೆಯವರಿಗೆ ಇದೊಂದು ಹೆಮ್ಮೆಯ ವಿಷಯ. ಆದರೆ ಆ ಗ್ರಂಥವೇ ಸಂಸ್ಕೃತದ ಅಲಂಕಾರಶಾಸ್ತ್ರವನ್ನು ಎದುರಿಗಿಟ್ಟುಕೊಂಡು ಬರೆದುದು. ಸಂಸ್ಕೃತದ ಮಾತನ್ನು ಕನ್ನಡದೊಡನೆ ಹೇಗೆ ಬೆರಸಿದರೆ ಹಿತ, ಹೇಗೆ ಬೆರಸಿದರೆ ಕರ್ಕಶ ಎಂಬುದೇ ಅದರ ದೊಡ್ಡ ಚಿಂತೆ. ಎರವನ್ನು ಅದು ನಿಷೇಧಿಸಲಿಲ್ಲ. ಎರವಿಗೆ ಔಚಿತ್ಯವನ್ನು ಕಲಿಸಿತು. ಮುಂದೆ ಪಂಪನೂ ದೇಸಿ–ಮಾರ್ಗಗಳೆರಡೂ ಕಾವ್ಯದಲ್ಲಿ ಕೂಡಿರಬೇಕೆಂದು ಬಗೆದನು.

ನಮಗೆ ಹತ್ತಿರದ ಉದಾಹರಣೆಯೂ ಉಂಟು. 1926ರಲ್ಲಿ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಪ್ರಕಟವಾದಾಗ ಕನ್ನಡಕ್ಕೆ ಬಂದುದು ಪರದೇಶದ ವಸ್ತು, ಪರದೇಶದ ಭಾವ. ಆದರೆ ಓದಿದವರ ಬಾಯಲ್ಲಿ ನಿಂತುದು ಕನ್ನಡದ ಹೊಸ ನಡಿಗೆ. ಮೂಲದ ಛಂದಸ್ಸನ್ನು ಹಾಗೆಯೇ ಹೇರದೆ, ಕನ್ನಡದ ಮಾತ್ರೆಗಳು ಒಪ್ಪುವ ರೀತಿಯಲ್ಲಿ ಅದನ್ನು ಬಗ್ಗಿಸಿದುದೇ ಶ್ರೀಯವರ ಸಾಧನೆ. ಕರ್ನಾಟಕ ಸಂಗೀತಕ್ಕೆ ಪಿಟೀಲನ್ನು ಒಗ್ಗಿಸಿದ ಬಾಲಸ್ವಾಮಿ ದೀಕ್ಷಿತರು ಮಾಡಿದುದೂ ಇದೇ ಕೆಲಸ. ಯೂರೋಪಿನಲ್ಲಿ ಹುಟ್ಟಿದ ಹಾರ್ಮೋನಿಯಮ್ಮನ್ನು ಪೇಟಿಯೆಂದು ಕರೆದು ಬಯಲಾಟದ ಅಟ್ಟದ ಪಕ್ಕದಲ್ಲಿ ಕೂಡಿಸಿದ ನಮ್ಮ ಹೆಸರಿಲ್ಲದ ಹಿರಿಯರು ಮಾಡಿದುದೂ ಇದೇ. ವೆಂಕಟೇಶರನ್ನು ನಾನು ಈ ಸಾಲಿನಲ್ಲಿ ಇಡಬಯಸುತ್ತೇನೆ.

ಏಕೆಂದರೆ ಅವರ ವೃಂದದಲ್ಲಿ ಕನ್ನಡದ ಮಾತು ಎಂದೂ ಮುಳುಗುವುದಿಲ್ಲ. ಕಹಳೆ ಎಷ್ಟೇ ಗಟ್ಟಿಯಾಗಿ ಮೊಳಗಲಿ, ಅದು ಮೊಳಗುವುದು ಮಾತು ಮುಗಿದ ತೆರವಿನಲ್ಲಿ. ಹಾಡುವವನು ಬಾಯ್ದೆರೆದೊಡನೆ ವಾದ್ಯಗಳು ಹಿರಿಯರೆದುರು ಕಿರಿಯರು ಸರಿದು ನಿಲ್ಲುವಂತೆ ಹಿಂದೆ ಸರಿಯುತ್ತವೆ. ಪಲ್ಲವಿಗೂ ಚರಣಕ್ಕೂ ನಡುವಣ ವಾದ್ಯಭಾಗವು ಸುಮ್ಮನೆ ಹೊತ್ತು ತುಂಬುವುದಕ್ಕಾಗಿ ಅಲ್ಲ. ಮುಂದಿನ ಸಾಲಿನ ಭಾವಕ್ಕೆ ಕೇಳುಗನನ್ನು ಅಣಿಗೊಳಿಸುತ್ತದೆ. ದೀರ್ಘಾಕ್ಷರವನ್ನು ಹ್ರಸ್ವವಾಗಿ ಕತ್ತರಿಸದೆ, ಒತ್ತಕ್ಷರವನ್ನು ತಾಳದ ಪೆಟ್ಟಿನಲ್ಲಿ ಪುಡಿಮಾಡದೆ ಹಾಡನ್ನು ನಡೆಸುವುದು ಸಾಮಾನ್ಯವಲ್ಲ. ತರಗತಿಯಲ್ಲಿ ಕಂದ, ರಗಳೆ, ಷಟ್ಪದಿಗಳ ಗಣವಿಭಾಗವನ್ನು ಕಲಿಸುವ ನನಗೆ, ಇವರ ಕೆಲವು ಹಾಡುಗಳು ಮಾತ್ರಾಗಣದ ಪಾಠಕ್ಕೆ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಒದಗಿಬಂದಿವೆ.

ಯಾವ ವಾದ್ಯ ಎಲ್ಲಿಗೆ ತಕ್ಕುದು ಎಂಬ ವಿವೇಕಕ್ಕೆ ಎರಡು ಉದಾಹರಣೆಗಳು ಸಾಕು. ಮೊದಲನೆಯದು ‘ಸಂಪತ್ತಿಗೆ ಸವಾಲ್’. ನಮ್ಮ ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯ ನಾಟಕಕಾರ ಧುತ್ತರಗಿಯವರ ಕೃತಿ ಅದು. ಅದರಲ್ಲಿ ಎಮ್ಮೆಯ ಮೇಲೆ ಕುಳಿತು ಹಳ್ಳಿಗನೊಬ್ಬ ಹಾಡುವ ಹಾಡಿದೆ. ಅಲ್ಲಿಯವರೆಗೆ ರಾಜಕುಮಾರರ ಪರವಾಗಿ ಹಾಡುತ್ತಿದ್ದವರು ಪಿ. ಬಿ. ಶ್ರೀನಿವಾಸರು, ಅವರ ನಯವಾದ ಕಂಠ ರಾಜಕುಮಾರರ ಮುಖಕ್ಕೆ ಅಷ್ಟು ಹೊಂದಿಕೊಂಡಿದ್ದಿತು. ಈ ಹಾಡನ್ನು ವೆಂಕಟೇಶರ ಸಂಗೀತದಲ್ಲಿ ರಾಜಕುಮಾರರೇ ಹಾಡಿದರು. ಹಿಂದೆ ಒಂದೆರಡು ಹಾಡು ಹಾಡಿದ್ದುಂಟಾದರೂ ಗಾಯಕರಾಗಿ ಅವರು ನೆಲೆನಿಂತುದು ಇಲ್ಲಿಂದ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ್ದ ರಂಗಕಂಠ, ಕಂಪನಿ ನಾಟಕದ ಕಥೆಯೊಂದರಲ್ಲಿಯೇ ಮತ್ತೆ ಹೊರಬಂದುದು ಎಂಥ ಯೋಗ! ಕನ್ನಡಕ್ಕೆ ಒಬ್ಬ ಗಾಯಕನು ದೊರೆತುದು ಒಂದು ಎಮ್ಮೆಯ ಹಾಡಿನಿಂದ ಎಂಬುದನ್ನು ನಗುತ್ತಲೇ ನೆನೆಯಬಹುದು. ಆದರೆ ಯಾವ ಕಂಠ ಯಾವ ಹಾಡಿಗೆ ಎಂಬ ನಾಯಕನ ಬಗೆ ನಗೆಯ ವಿಷಯವಲ್ಲ.

ಎರಡನೆಯದು ‘ಸನಾದಿ ಅಪ್ಪಣ್ಣ’. ಸನಾದಿಯೆಂಬುದು ನಮ್ಮ ಕಡೆಯ ಮಾತು. ಉತ್ತರದವರು ಶಹನಾಯಿ ಎನ್ನುವುದನ್ನು ನಾವು ಸನಾದಿ ಎನ್ನುತ್ತೇವೆ. ಮದುವೆ, ಪೂಜೆ, ಮೆರವಣಿಗೆಗಳಿಗೆ ಅದು ಬೇಕು. ಆದರೆ ಅದನ್ನು ಊದುವವನಿಗೆ ಚಪ್ಪರದ ಹೊರಗೆ ಜಾಗ, ಊಟ ಕಡೆಯ ಪಂಕ್ತಿಯಲ್ಲಿ. ಇಂಥ ಒಬ್ಬ ವಾದಕನ ಬಾಳನ್ನು ಪುರಾಣಿಕರು ಕಾದಂಬರಿಯ ವಸ್ತುವಾಗಿಸಿದರು. ಚಿತ್ರಕ್ಕಾಗಿ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನರು. ಆ ಉಸ್ತಾದರೂ ಹವಾನಾದ ಆ ಪ್ರಾದೊನೂ ಹುಟ್ಟಿದುದು ಒಂದೇ ವರ್ಷ, 1916ರಲ್ಲಿ. ಒಬ್ಬರು ಗಂಗೆಯ ದಡದ ಊದುವಾದ್ಯಕ್ಕೆ ಪ್ರಪಂಚದ ಸಭೆಗಳಲ್ಲಿ ಮರ್ಯಾದೆ ತಂದರು, ಇನ್ನೊಬ್ಬ ಗುಲಾಮರ ಡೋಲನ್ನು ಪ್ರಪಂಚದ ನೃತ್ಯಶಾಲೆಗಳಿಗೆ ಒಯ್ದ. ಈ ಎರಡು ಜಗತ್ತುಗಳ ನಾದಗಳೂ ವೆಂಕಟೇಶರ ಕೋಣೆಯನ್ನು ಹಾದುಹೋದುವು. ಸಿ.ಐ.ಡಿ. ಚಿತ್ರದಲ್ಲಿ ಹಿತ್ತಾಳೆಯ ಗರ್ಜನೆಯನ್ನು ಬೇಡಿದವರು, ‘ಸನಾದಿ ಅಪ್ಪಣ್ಣ’ದಲ್ಲಿ ಉಸ್ತಾದರ ಒಂದು ಉಸಿರಿಗಾಗಿ ಇಡೀ ವೃಂದವನ್ನು ತಲೆಬಾಗಿಸಿದರು. ಯಾವಾಗ ನುಡಿಸಬೇಕೆಂಬುದನ್ನು ಬಲ್ಲವರು ಅನೇಕರು. ಯಾವಾಗ ನಿಲ್ಲಿಸಬೇಕೆಂಬುದನ್ನು ಬಲ್ಲವನೇ ನಾಯಕ.

ಒಬ್ಬ ನಾಯಕನ ಪರಂಪರೆಯನ್ನು ಅವನ ಹಾಡುಗಳಿಂದ ಅಳೆಯುವಂತೆ ಅವನ ಸಹಾಯಕರಿಂದಲೂ ಅಳೆಯಬೇಕು. ವೆಂಕಟೇಶರ ಬಳಿ ಗಿಟಾರು ನುಡಿಸುತ್ತ, ವಾದ್ಯಗಳಿಗೆ ಸ್ವರ ಬರೆದುಕೊಡುತ್ತ ಹಲವಾರು ಕನ್ನಡ ಚಿತ್ರಗಳಲ್ಲಿ ದುಡಿದ ಯುವಕನೊಬ್ಬ 1976ರಲ್ಲಿ ‘ಅನ್ನಕ್ಕಿಳಿ’ ಎಂಬ ತಮಿಳು ಚಿತ್ರದಿಂದ ಸ್ವತಂತ್ರನಾಗಿ ಹೊರಟ; ಅವರೇ ಇಳಯರಾಜಾ. ಹಳ್ಳಿಯ ಹಾಡನ್ನೂ ಪಾಶ್ಚಾತ್ಯ ವೃಂದದ ನಾದವನ್ನೂ ಒಂದೇ ಹಂದರದಲ್ಲಿ ಹಬ್ಬಿಸಿದವರೆಂದು ಲೋಕ ಅವರನ್ನು ಕೊಂಡಾಡುತ್ತದೆ. ಆ ಹಂದರದ ಕೆಲವು ಗಳುಗಳು ಕನ್ನಡದ ತೋಟದಲ್ಲಿ ಬೆಳೆದುವು ಎಂದು ನಾವು ಹೇಳಿಕೊಂಡರೆ ತಪ್ಪೇನೂ ಇಲ್ಲ. ವೆಂಕಟೇಶರ ಇನ್ನೊಬ್ಬ ಸಹಾಯಕರಾಗಿದ್ದ ಎಲ್. ವೈದ್ಯನಾಥನ್, ಶಂಕರನಾಗರ ‘ಮಾಲ್ಗುಡಿ ಡೇಸ್’ ದೂರದರ್ಶನ ಮಾಲಿಕೆಗೆ ಸಂಗೀತ ನೀಡಿದರು. ಆ ಚಿಕ್ಕ ರಾಗವನ್ನು ಕೇಳಿದೊಡನೆ ಮಲೆನಾಡಿನ ಬೀದಿಯೊಂದು ಕಣ್ಣಿಗೆ ಕಟ್ಟುವವರು ದೇಶದಲ್ಲೆಲ್ಲ ಇದ್ದಾರೆ.

1993 ಕನ್ನಡ ಚಿತ್ರಗೀತೆಯ ಪಾಲಿಗೆ ಕಠಿಣವಾದ ವರ್ಷ. ಜುಲೈಯಲ್ಲಿ ಚಿ. ಉದಯಶಂಕರರು ಹೋದರು, ನವೆಂಬರಿನಲ್ಲಿ ವೆಂಕಟೇಶರು ಹೋದರು. ಮಾತು ಕೊಟ್ಟವರೂ ನಾದ ಕೊಟ್ಟವರೂ ನಾಲ್ಕೇ ತಿಂಗಳ ಅಂತರದಲ್ಲಿ ಇಲ್ಲವಾದರು. ಅಷ್ಟರಲ್ಲಿ ಅವರು ಬಲ್ಲ ಧ್ವನಿಮುದ್ರಣದ ಜಗತ್ತೂ ಕರಗುತ್ತಿದ್ದಿತು. ಇಪ್ಪತ್ತು ಪಿಟೀಲುಗಳ ಕೆಲಸವನ್ನು ಒಂದು ಮೇಜಿನಷ್ಟಗಲದ ವಿದ್ಯುತ್ ಯಂತ್ರ ಮಾಡತೊಡಗಿತು. ನಷ್ಟವಾದುದು ಕೆಲವರ ಕೂಲಿ ಮಾತ್ರವಲ್ಲ. ಭಾಷೆ, ಜಾತಿ, ಮತಗಳು ಬೇರೆಯಾದ ಮೂವತ್ತು ನಲವತ್ತು ಜನ ಒಂದೇ ಕೋಣೆಯಲ್ಲಿ, ಒಬ್ಬರು ಇನ್ನೊಬ್ಬರಿಗೆ ಕಿವಿಗೊಟ್ಟು, ಒಂದೇ ಬೀಸಿಗೆ ಒಂದು ಕನ್ನಡ ಹಾಡನ್ನು ಮುಗಿಸುತ್ತಿದ್ದ ಶಿಸ್ತು. ಆ ಶಿಸ್ತಿನ ಸಾಕ್ಷ್ಯವಾಗಿ ಉಳಿದಿರುವುದು ಧ್ವನಿಮುದ್ರಿಕೆಗಳು.

ಸಾಹಿತ್ಯಚರಿತ್ರೆಯನ್ನು ಬರೆಯುವವರು ಇಪ್ಪತ್ತನೆಯ ಶತಮಾನದ ಕನ್ನಡ ಗೀತವನ್ನು ಕುರಿತು ಹೇಳುವಾಗ ನವೋದಯದ ಭಾವಗೀತೆಯಿಂದ ಹೊರಟು ಸುಗಮಸಂಗೀತದವರೆಗೆ ಬಂದು ನಿಲ್ಲುತ್ತಾರೆ. ಹಳ್ಳಿಯ ಓದುಬಾರದ ತಾಯಿಗೂ ಕಾಲೇಜಿನ ವಿದ್ಯಾರ್ಥಿಗೂ ಸಮಾನವಾಗಿ ಕಂಠಸ್ಥವಾದ ಗೀತಭಾಗ ಯಾವುದು ಎಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ, ಉತ್ತರ ಚಿತ್ರಗೀತೆಯ ಕಡೆಗೇ ಬೆರಳು ತೋರುತ್ತದೆ. ಅದರಲ್ಲಿ ಜೊಳ್ಳು ಬಹಳ ಎಂಬುದು ನಿಜ. ಕೇರುವ ಕೆಲಸ ವಿಮರ್ಶಕನದು; ಜೊಳ್ಳಿದೆಯೆಂದು ರಾಶಿಯನ್ನೇ ಬಿಟ್ಟುಹೋಗುವುದು ಒಕ್ಕಲುತನವಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹಸ್ತಪ್ರತಿಯ ಪಾಠಾಂತರಗಳನ್ನು ಹುಡುಕುವ ತಾಳ್ಮೆಯುಳ್ಳವರಿದ್ದಾರೆ. ಅವರಲ್ಲಿ ಒಬ್ಬಿಬ್ಬರು ಒಂದು ಹಳೆಯ ಧ್ವನಿಮುದ್ರಿಕೆಯನ್ನು ಗ್ರಂಥದಂತೆ ಎದುರಿಗಿಟ್ಟುಕೊಂಡು, ಅದರಲ್ಲಿ ನುಡಿಸಿದವರಾರು, ಸ್ವರ ಬರೆದವರಾರು, ಮಾತಿಗೂ ಲಯಕ್ಕೂ ಕೂಡಿಕೆ ಹೇಗಾಯಿತು ಎಂದು ಕೇಳಿ ಬರೆದಿಟ್ಟರೆ ಕನ್ನಡಕ್ಕೆ ಉಪಕಾರವಾದೀತು. ಅಂದು ಆ ವೃಂದಗಳಲ್ಲಿ ನುಡಿಸಿದವರು ವಯೋವೃದ್ಧರು. ಕೇಳಬೇಕಾದುದನ್ನು ಬೇಗ ಕೇಳಬೇಕು.

ಅಷ್ಟು ದೊಡ್ಡ ಕೆಲಸಕ್ಕೆ ಕೈಹಾಕಲಾರದವರು ಒಂದು ಚಿಕ್ಕ ಕೆಲಸವನ್ನು ಮಾಡಬಹುದು. ರಾಜ್ಯೋತ್ಸವದಂದು ಶಾಲೆಯ ಮಕ್ಕಳಿಂದ ಹಾಡು ಹೇಳಿಸುವಾಗ, ಬರೆದ ಕವಿಯ ಹೆಸರಿನ ಕೆಳಗೆ ಸ್ವರ ಕಟ್ಟಿದವರ ಹೆಸರನ್ನೂ ಹಲಗೆಯ ಮೇಲೆ ಬರೆಯಬಹುದು. ಮದುವೆಯ ಮೆರವಣಿಗೆಯಲ್ಲಿ ಸ್ವರಲಿಪಿಯ ಒಂದಕ್ಷರವನ್ನೂ ಕಲಿಯದೆ, ಬರಿ ಕಿವಿಯಿಂದಲೇ ಹಿಡಿದು ಆ ರಾಗಗಳನ್ನು ಕಹಳೆಯಲ್ಲಿ ನುಡಿಸುವ ನಮ್ಮ ಬ್ಯಾಂಡಿನವರಿಗೆ ವೆಂಕಟೇಶರ ಹೆಸರು ತಿಳಿಯದಿರಬಹುದು. ಅವರ ತುಟಿಗಳು ಆ ಸ್ವರಗಳನ್ನು ಬಲ್ಲವು. ಓದುಬರಹ ಬಲ್ಲ ನಾವು ಹೆಸರನ್ನಾದರೂ ಬಲ್ಲೆವೆಂದರೆ, ಎರಡೂ ಕೂಡಿ ಲೆಕ್ಕ ಸರಿಹೋಗುತ್ತದೆ.